ಆಕ್ಸಿಡೆಂಟ್: ಸುದ್ದಿಯೊಳಗೆ ಅಡಗಿದ ತೀರ್ಪು

‘ಆಕ್ಸಿಡೆಂಟ್’ ಎಂಬ ಇಂಗ್ಲಿಷ್ ಪದಕ್ಕೆ ಕನ್ನಡಿಗರಿಗೆ ಅರ್ಥ ಹೇಳಬೇಕಾದ ಅಗತ್ಯವಿಲ್ಲ. ಶಾಲೆಯ ಮೆಟ್ಟಿಲು ಹತ್ತದವರೂ ಅದನ್ನು ಬಲ್ಲರು. ‘ಆಕ್ಸಿಡೆಂಟ್ ಆಯ್ತಂತೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಜನ ಕೇಳುವ ಪ್ರಶ್ನೆಗಳು ಎರಡೇ: ಎಲ್ಲಿ? ಯಾರಿಗೆ? ‘ಯಾರಿಂದ’ ಎಂದು ಕೇಳುವವರು ಕಡಿಮೆ. ‘ಯಾಕೆ’ ಎಂದು ಕೇಳುವವರು ಇನ್ನೂ ಕಡಿಮೆ. ಮಳೆ ಬಂತು, ಸಿಡಿಲು ಬಡಿಯಿತು ಎನ್ನುವಂತೆಯೇ ಆಕ್ಸಿಡೆಂಟೂ ‘ಆಗುತ್ತದೆ’. ಅದನ್ನು ಯಾರೂ ‘ಮಾಡುವುದಿಲ್ಲ’.

ಪತ್ರಿಕೆಗಳಲ್ಲಿ ದಿನನಿತ್ಯ ಕಾಣಿಸಿಕೊಳ್ಳುವ ಈ ಪದದ ಬಗ್ಗೆ ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಬಹುಕಾಲದಿಂದ ವಾದ ನಡೆದಿದೆ. ಸುದ್ದಿ ಬರೆಯುವವರು ಇದನ್ನು ಬಳಸಬೇಕೆ, ಬಿಡಬೇಕೆ ಎಂಬುದು ಮೇಲ್ನೋಟಕ್ಕೆ ಪದಗಳ ಜಗಳದಂತೆ ಕಾಣಬಹುದು. ಆದರೆ ಅದರ ಹಿಂದಿರುವುದು ಜೀವಗಳ ಲೆಕ್ಕ. 2022ನೇ ಇಸವಿಯಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಎಂದರೆ ದಿನಕ್ಕೆ ಸುಮಾರು 460 ಮಂದಿ, ಗಂಟೆಗೆ 19 ಮಂದಿ. ಇಷ್ಟು ಸಾವುಗಳಲ್ಲಿ ನೂರಕ್ಕೆ 71ರಷ್ಟು ಅತಿವೇಗದ ಪ್ರಕರಣಗಳು ಎಂಬುದೂ ಅದೇ ವರದಿಯಲ್ಲಿದೆ. ಕಾರಣ ಇಷ್ಟು ಸ್ಪಷ್ಟವಾಗಿ ಗೊತ್ತಿರುವ ಸಾವನ್ನು ‘ಅಕಸ್ಮಾತ್ತಾಗಿ ನಡೆದದ್ದು’ ಎಂದು ಕರೆಯಬಹುದೆ?

ಬೀಳುವ ಪದ

‘ಆಕ್ಸಿಡೆಂಟ್’ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ‘ಮೇಲೆ ಬೀಳು’, ‘ಬಂದೊದಗು’ ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿ, ಫ್ರೆಂಚ್ ಮೂಲಕ ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಆಗ ಅದರ ಅರ್ಥ ‘ಘಟನೆ’ ಎಂದಷ್ಟೇ. ಒಳ್ಳೆಯದೂ ಆಕ್ಸಿಡೆಂಟ್, ಕೆಟ್ಟದ್ದೂ ಆಕ್ಸಿಡೆಂಟ್. ತತ್ವಶಾಸ್ತ್ರದಲ್ಲಿ ವಸ್ತುವಿನ ಸಾರಕ್ಕೆ ಸಂಬಂಧಿಸದ, ಇದ್ದರೂ ಇಲ್ಲದಿದ್ದರೂ ನಡೆಯುವ ಗುಣಕ್ಕೆ ಈ ಹೆಸರಿತ್ತು. ಕ್ರಮೇಣ ‘ಯಾರೂ ಎಣಿಸದೆ ಬಂದೊದಗಿದ ಕೇಡು’ ಎಂಬ ಅರ್ಥ ಗಟ್ಟಿಯಾಯಿತು.

ಕನ್ನಡದಲ್ಲಿ ಇದಕ್ಕೆ ಎರಡು ಪದಗಳು ಬಳಕೆಯಲ್ಲಿವೆ. ಒಂದು ‘ಅಪಘಾತ’. ಅದರೊಳಗೆ ‘ಘಾತ’ ಇದೆ, ಎಂದರೆ ಹೊಡೆತ. ಹೊಡೆತವಿದ್ದ ಮೇಲೆ ಹೊಡೆದದ್ದು ಒಂದಿರಬೇಕು ಎಂಬ ಸುಳಿವಾದರೂ ಅಲ್ಲಿದೆ. ಇನ್ನೊಂದು ‘ಆಕಸ್ಮಿಕ’. ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ‘ಯಾವುದರಿಂದ’, ‘ಏಕೆ’. ‘ಅಕಸ್ಮಾತ್’ ಎಂದರೆ ‘ಏಕೆ ಎಂಬುದಿಲ್ಲದೆ’. ಇಂಗ್ಲಿಷ್ ಪದ ಮುಚ್ಚಿಟ್ಟುಕೊಂಡಿರುವ ಅರ್ಥವನ್ನು ಈ ಪದ ಬಿಚ್ಚಿಯೇ ಹೇಳುತ್ತದೆ: ಇಲ್ಲಿ ಕಾರಣ ಹುಡುಕಬೇಡಿ.

ಕೊಂದ ಗಾಡಿಗೆ ದಂಡ

ಹಿಂದಿನ ಕಾಲದಲ್ಲಿ ಇಂಗ್ಲೆಂಡಿನ ಕಾನೂನು ಹೀಗಿರಲಿಲ್ಲ. ಗಾಡಿಯ ಚಕ್ರಕ್ಕೆ ಸಿಕ್ಕಿ, ಎತ್ತು ಹಾಯ್ದು, ಕುದುರೆ ಒದ್ದು ಮನುಷ್ಯ ಸತ್ತರೆ, ಸಾವಿಗೆ ಕಾರಣವಾದ ಆ ಗಾಡಿಯನ್ನೋ ಪ್ರಾಣಿಯನ್ನೋ ಅಥವಾ ಅದರ ಬೆಲೆಯನ್ನೋ ಅರಸೊತ್ತಿಗೆ ಮುಟ್ಟುಗೋಲು ಹಾಕಿಕೊಳ್ಳುತ್ತಿತ್ತು. ಈ ಪದ್ಧತಿಗೆ ‘ಡಿಯೊಡಾಂಡ್’ ಎಂದು ಹೆಸರು. ‘ದೇವರಿಗೆ ಕೊಡತಕ್ಕದ್ದು’ ಎಂದು ಅದರ ಅರ್ಥ. ಅಸಹಜ ಸಾವುಗಳ ವಿಚಾರಣೆ ನಡೆಸುವ ಕೊರೋನರ್ ಎಂಬ ಅಧಿಕಾರಿಯ ಮುಂದೆ ಜ್ಯೂರಿ ಕುಳಿತು ಬೆಲೆ ಕಟ್ಟುತ್ತಿತ್ತು. ನಿರ್ಜೀವ ವಸ್ತುವಿಗೆ ಶಿಕ್ಷೆ ಕೊಡುವ ಈ ಕ್ರಮ ಇಂದು ನಗೆ ತರಿಸಬಹುದು. ಆದರೆ ಸಾವಿಗೆ ಒಂದು ಕಾರಣವಿದೆ, ಆ ಕಾರಣದ ಒಡೆಯನಿಗೆ ಒಂದು ಹೊರೆ ಇದೆ ಎಂಬ ತಿಳಿವಳಿಕೆ ಅದರಲ್ಲಿತ್ತು.

ರೈಲು ಬಂದ ಮೇಲೆ ಈ ಹಳೆಯ ಪದ್ಧತಿಗೆ ಹೊಸ ಹಲ್ಲು ಮೂಡಿತು. 1841ರ ಡಿಸೆಂಬರ್ 24ರಂದು ಇಂಗ್ಲೆಂಡಿನ ಸಾನಿಂಗ್ ಬಳಿ ಹಳಿಯ ಮೇಲೆ ಮಣ್ಣು ಕುಸಿದಿತ್ತು. ಗ್ರೇಟ್ ವೆಸ್ಟರ್ನ್ ಕಂಪೆನಿಯ ರೈಲು ಅದಕ್ಕೆ ಬಡಿದು ಪ್ರಯಾಣಿಕರು ಸತ್ತಾಗ, ಜ್ಯೂರಿಯು ಎಂಜಿನ್ ಮತ್ತು ಬಂಡಿಗಳ ಮೇಲೆ 1000 ಪೌಂಡುಗಳ ಡಿಯೊಡಾಂಡ್ ವಿಧಿಸಿತು. ಒಂದು ಎತ್ತಿನ ಬೆಲೆ ತೆರುವುದು ಬೇರೆ, ಒಂದು ರೈಲು ಎಂಜಿನ್ನಿನ ಬೆಲೆ ತೆರುವುದು ಬೇರೆ. ಕೆಲವೇ ವರ್ಷಗಳಲ್ಲಿ, 1846ರಲ್ಲಿ, ಪಾರ್ಲಿಮೆಂಟು ಡಿಯೊಡಾಂಡನ್ನು ರದ್ದುಮಾಡಿತು. ಅದೇ ವರ್ಷ, ಬೇರೆಯವರ ತಪ್ಪಿನಿಂದ ಸತ್ತವರ ಕುಟುಂಬ ಪರಿಹಾರ ಕೇಳಲು ಅವಕಾಶ ಕೊಡುವ ಮತ್ತೊಂದು ಕಾಯಿದೆ ಬಂತು. ಅದು ‘ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್’ ಎಂದು ಹೆಸರಾಯಿತು. ಒಬ್ಬರ ತಪ್ಪನ್ನು ಸಾಬೀತುಪಡಿಸಲೆಂದೇ ಇರುವ ಕಾನೂನಿನ ಹೆಸರಿನಲ್ಲಿಯೇ ‘ಆಕ್ಸಿಡೆಂಟ್’ ಕುಳಿತದ್ದು ವಿಚಿತ್ರವೇ ಸರಿ. 1855ರಲ್ಲಿ ಅದೇ ಬಗೆಯ, ಅದೇ ಹೆಸರಿನ ಕಾನೂನು ಭಾರತಕ್ಕೂ ಬಂತು.

ಮೋಟಾರು ಬಂತು

1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಮೋಟಾರು ಕಾರೊಂದಕ್ಕೆ ಸಿಕ್ಕಿ ಸತ್ತರು. ಬ್ರಿಟನ್ನಿನಲ್ಲಿ ಮೋಟಾರು ಕಾರು ಬಡಿದು ಸತ್ತ ಮೊದಲ ಪಾದಚಾರಿ ಅವರು. ಕಾರು ಬೆಂಕಿ ಆರಿಸುವ ಗಾಡಿಯ ವೇಗದಲ್ಲಿ ಬಂತೆಂದು ಸಾಕ್ಷಿಯೊಬ್ಬರು ಹೇಳಿದರು. ಗಂಟೆಗೆ ನಾಲ್ಕೇ ಮೈಲಿ ವೇಗದಲ್ಲಿತ್ತೆಂದು ಚಾಲಕ ಹೇಳಿದ. ಜ್ಯೂರಿಯ ತೀರ್ಪು ‘ಆಕಸ್ಮಿಕ ಸಾವು’. ಇಂಥದ್ದು ಇನ್ನೊಮ್ಮೆ ಆಗದಿರಲಿ ಎಂದು ಕೊರೋನರ್ ಆಶಿಸಿದರು. ಮುಂದಿನ ನೂರು ವರ್ಷಗಳಲ್ಲಿ ಆದದ್ದನ್ನು ಕಂಡರೆ ಆ ಹಾರೈಕೆ ಎಷ್ಟು ಮುಗ್ಧವಾಗಿತ್ತೆಂದು ತಿಳಿಯುತ್ತದೆ.

ಅಮೆರಿಕದಲ್ಲಿ 1920ರ ದಶಕದ ಮೊದಲ ವರ್ಷಗಳಲ್ಲಿ ಪತ್ರಿಕೆಗಳು ಮೋಟಾರುಗಳನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಸತ್ತಾಗ ವ್ಯಂಗ್ಯಚಿತ್ರಗಳಲ್ಲಿ ಮೋಟಾರು ಸಾಕ್ಷಾತ್ ಮೃತ್ಯುವಿನ ರೂಪ ತಾಳುತ್ತಿತ್ತು. ಅಂದಿನ ಜನರಿಗೆ ಬೀದಿ ನಡೆಯುವವರದು, ಮೋಟಾರು ಹೊರಗಿನಿಂದ ಬಂದದ್ದು. 1923ರಲ್ಲಿ ಸಿನ್ಸಿನಾಟಿ ನಗರದ 42,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿ, ಎಲ್ಲ ಕಾರುಗಳಿಗೂ ಗಂಟೆಗೆ 25 ಮೈಲಿ ಮೀರದಂತೆ ವೇಗ ತಡೆಯುವ ಯಂತ್ರ ಅಳವಡಿಸಬೇಕೆಂದು ಕೇಳಿದರು. ಕಾರು ಮಾರಾಟಗಾರರು ಒಟ್ಟಾಗಿ ಪ್ರಚಾರಕ್ಕಿಳಿದರು. ಮತದಾನದಲ್ಲಿ ಆ ಸೂಚನೆ ಬಿದ್ದುಹೋಯಿತು.

ಇದರಿಂದ ಎಚ್ಚೆತ್ತ ಉದ್ಯಮ ಸುದ್ದಿಯ ಮೂಲಕ್ಕೇ ಕೈಹಾಕಿತು. ಮೋಟಾರು ತಯಾರಕರ ರಾಷ್ಟ್ರೀಯ ಸಂಘ 1924ರಲ್ಲಿ ಪತ್ರಿಕೆಗಳಿಗಾಗಿ ಉಚಿತ ಸುದ್ದಿ ಸೇವೆಯೊಂದನ್ನು ಆರಂಭಿಸಿತು. ತಮ್ಮ ಊರಿನ ಘಟನೆಗಳ ವಿವರವನ್ನು ಪತ್ರಿಕೆಗಳು ಕಳಿಸಿದರೆ, ಸಿದ್ಧಪಡಿಸಿದ ಬರಹ ಮರಳಿ ಬರುತ್ತಿತ್ತು. ಆ ಬರಹಗಳಲ್ಲಿ ತಪ್ಪು ಹೆಚ್ಚಾಗಿ ನಡೆಯುವವರ ಕಡೆಗೆ ವಾಲುತ್ತಿತ್ತು ಎಂಬುದನ್ನು ಇತಿಹಾಸಕಾರ ಪೀಟರ್ ನಾರ್ಟನ್ ದಾಖಲಿಸಿದ್ದಾರೆ. ಅಡ್ಡಾದಿಡ್ಡಿ ರಸ್ತೆ ದಾಟುವವರನ್ನು ಹೀಗಳೆಯುವ ‘ಜೇವಾಕರ್’ ಎಂಬ ಪದವನ್ನು ಉದ್ಯಮ ಎತ್ತಿ ಹಿಡಿದದ್ದೂ ಆಗಲೇ. ‘ಜೇ’ ಎಂದರೆ ಪೇಟೆಯ ರೀತಿ ತಿಳಿಯದ ಹಳ್ಳಿಗಮಾರ. ದಶಕ ಮುಗಿಯುವ ಹೊತ್ತಿಗೆ ಬೀದಿ ಮೋಟಾರಿನದಾಯಿತು, ನಡೆಯುವವನು ಅತಿಕ್ರಮಿಯಾದ. ಮಧ್ಯೆ ನಡೆದದ್ದೆಲ್ಲ ‘ಆಕ್ಸಿಡೆಂಟ್’ ಆಯಿತು.

ಹತ್ತು ಸೆಂಟ್ ದಂಡ

ಈ ಪದವನ್ನು ಮೊದಲು ಗಂಭೀರವಾಗಿ ಪ್ರಶ್ನಿಸಿದವರು ಪತ್ರಕರ್ತರಲ್ಲ, ವೈದ್ಯರು. ವಿಲಿಯಂ ಹ್ಯಾಡನ್ ಎಂಬ ಸಾರ್ವಜನಿಕ ಆರೋಗ್ಯ ತಜ್ಞರು 1966ರಲ್ಲಿ ಅಮೆರಿಕದ ರಸ್ತೆ ಸುರಕ್ಷತೆಯ ಕೇಂದ್ರ ಸಂಸ್ಥೆಯ ಮೊದಲ ಮುಖ್ಯಸ್ಥರಾದರು. ತಮ್ಮ ಕಚೇರಿಯಲ್ಲಿ ಯಾರಾದರೂ ‘ಆಕ್ಸಿಡೆಂಟ್’ ಎಂದರೆ ಹ್ಯಾಡನ್ ಅವರಿಂದ 10 ಸೆಂಟ್ ದಂಡ ವಸೂಲು ಮಾಡುತ್ತಿದ್ದರು. ತಮಾಷೆಯ ಹಿಂದೆ ತರ್ಕವಿತ್ತು. ಕಾಲರಾ ದೈವಕೋಪವೆಂದು ನಂಬಿದ್ದಷ್ಟು ಕಾಲ ಯಾರೂ ಬಾವಿಯ ನೀರನ್ನು ಪರೀಕ್ಷಿಸಲಿಲ್ಲ. ರಸ್ತೆಯ ಸಾವೂ ಹಾಗೆಯೇ. ಗುದ್ದುವ ಮುನ್ನ, ಗುದ್ದುವಾಗ, ಗುದ್ದಿದ ಮೇಲೆ ಏನಾಗುತ್ತದೆಂದು ಬಿಡಿಸಿ ನೋಡಿದರೆ ಪ್ರತಿ ಹಂತದಲ್ಲಿಯೂ ತಡೆಯುವ ದಾರಿಯಿದೆ ಎಂದು ಅವರು ತೋರಿಸಿದರು.

ಅದಕ್ಕೆ ಹಿಂದಿನ ವರ್ಷ, 1965ರಲ್ಲಿ, ವಕೀಲ ರಾಲ್ಫ್ ನೇಡರ್ ಬರೆದ ಪುಸ್ತಕ ಕಾರುಗಳ ವಿನ್ಯಾಸದಲ್ಲಿಯೇ ಇರುವ ಅಪಾಯಗಳನ್ನು ಜನರ ಮುಂದಿಟ್ಟಿತ್ತು. ಸೀಟ್ ಬೆಲ್ಟ್, ಎದೆಗೆ ಚುಚ್ಚದೆ ಕುಸಿಯುವ ಸ್ಟೀರಿಂಗ್ ಮುಂತಾದವು ಕಡ್ಡಾಯವಾದವು. 1966ರಲ್ಲಿ ಅಮೆರಿಕದ ವಾಹನಗಳು ಓಡಿದ ಪ್ರತಿ ಹತ್ತು ಕೋಟಿ ಮೈಲಿಗೆ ಸುಮಾರು 5.5 ಮಂದಿ ಸಾಯುತ್ತಿದ್ದರು. 2023ರ ಹೊತ್ತಿಗೆ ಆ ಸಂಖ್ಯೆ 1.3ರ ಆಸುಪಾಸಿಗೆ ಇಳಿದಿತ್ತು. ಇದನ್ನೆಲ್ಲ ಸಾಧಿಸಿದ್ದು ಒಂದು ಪದದ ನಿಷೇಧವಲ್ಲ, ನಿಜ. ಆದರೆ ‘ವಿಧಿ’ ಎಂದು ಕೈಚೆಲ್ಲದೆ ‘ಕಾರಣ’ ಎಂದು ಕೇಳಿದ್ದರಿಂದ ಇದು ಸಾಧ್ಯವಾಯಿತು. 1997ರಲ್ಲಿ ಸ್ವೀಡನ್ನಿನ ಸಂಸತ್ತು ರಸ್ತೆಯಲ್ಲಿ ಒಂದು ಸಾವನ್ನೂ ಸಹಜವೆಂದು ಒಪ್ಪುವುದಿಲ್ಲ ಎಂಬ ‘ಸೊನ್ನೆ ಸಾವು’ ಗುರಿಯನ್ನು ಅಂಗೀಕರಿಸಿದ್ದು ಇದೇ ಹಾದಿಯ ಮುಂದಿನ ಹೆಜ್ಜೆ.

ಪದದ ವಿಷಯ ಕೊನೆಗೆ ಸುದ್ದಿಮನೆಯನ್ನೂ ತಲುಪಿತು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ತನ್ನ ಪುಟಗಳಿಂದ ‘ಆಕ್ಸಿಡೆಂಟ್’ ಪದವನ್ನು ಹೊರಗಿಡುವುದಾಗಿ ಪ್ರಕಟಿಸಿತು. 2013ರಲ್ಲಿ ನ್ಯೂಯಾರ್ಕ್ ಪೊಲೀಸರು ತಮ್ಮ ಆಕ್ಸಿಡೆಂಟ್ ತನಿಖಾ ದಳದ ಹೆಸರನ್ನು ‘ಡಿಕ್ಕಿ ತನಿಖಾ ದಳ’ ಎಂಬರ್ಥ ಬರುವಂತೆ ಬದಲಿಸಿದರು. 2016ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ಶೈಲಿ ಕೈಪಿಡಿಯಲ್ಲಿ ಹೊಸ ಸೂಚನೆ ಸೇರಿಸಿತು. ನಿರ್ಲಕ್ಷ್ಯದ ಆರೋಪವಿದ್ದರೆ ಅಥವಾ ಅದು ಸಾಬೀತಾಗಿದ್ದರೆ ‘ಆಕ್ಸಿಡೆಂಟ್’ ಎನ್ನಬೇಡಿ, ಆ ಪದ ಹೊಣೆಗಾರನನ್ನು ದೋಷಮುಕ್ತಗೊಳಿಸಿದಂತೆ ಓದಿಸಿಕೊಳ್ಳಬಹುದು ಎಂಬುದು ಅದರ ತಾತ್ಪರ್ಯ.

ಸುದ್ದಿಯ ಮಾತು ನಿಜಕ್ಕೂ ಓದುಗರ ಮನಸ್ಸನ್ನು ತಿರುಗಿಸುತ್ತದೆಯೆ? 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದನ್ನು ಪರೀಕ್ಷಿಸಿತು. ಒಂದೇ ಘಟನೆಯನ್ನು ಮೂರು ಬಗೆಯಲ್ಲಿ ಬರೆದು ಬೇರೆ ಬೇರೆ ಓದುಗರಿಗೆ ಕೊಟ್ಟರು. ಪಾದಚಾರಿಯನ್ನು ಮುಂದಿಟ್ಟ ಬರಹ ಓದಿದವರು ಪಾದಚಾರಿಯನ್ನು ಹೆಚ್ಚು ದೂರಿದರು. ಚಾಲಕನನ್ನು ಹೆಸರಿಸಿ ಬರೆದಾಗ ಆ ದೂರು ಕಡಿಮೆಯಾಯಿತು. ಅದೇ ಜಾಗದಲ್ಲಿ ಹಿಂದೆ ನಡೆದ ಸಾವುಗಳನ್ನೂ ಸೇರಿಸಿ ಬರೆದಾಗ, ರಸ್ತೆಯನ್ನೇ ಸರಿಪಡಿಸಬೇಕೆಂದು ಹೇಳಿದವರು ಹೆಚ್ಚಾದರು.

ಕನ್ನಡದ ವಾಕ್ಯಗಳು

ಕನ್ನಡದ ಸುದ್ದಿಬರಹಕ್ಕೆ ಈ ಮಾತು ಚೆನ್ನಾಗಿಯೇ ಅನ್ವಯಿಸುತ್ತದೆ. ‘ಲಾರಿ ಹರಿದು ಬೈಕ್ ಸವಾರ ಸಾವು’, ‘ನಿಯಂತ್ರಣ ತಪ್ಪಿ ಕಾರು ಪಲ್ಟಿ’, ‘ಲಾರಿಯಡಿ ಸಿಲುಕಿ ಬಾಲಕ ಮೃತ’. ಇವು ಎಲ್ಲರೂ ಓದಿರುವ ಬಗೆಯ ಶೀರ್ಷಿಕೆಗಳು. ಲಾರಿ ತಾನಾಗಿ ಹರಿಯುತ್ತದೆ, ನಿಯಂತ್ರಣ ತಾನಾಗಿ ತಪ್ಪುತ್ತದೆ, ಬಾಲಕ ತಾನಾಗಿ ಸಿಲುಕುತ್ತಾನೆ. ಚಾಲಕ ಮಾತ್ರ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ‘ಸ್ಥಳದಲ್ಲೇ ಸಾವನ್ನಪ್ಪಿದ್ದಾರೆ’ ಎಂಬ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರಸ್ತೆಬದಿಯಲ್ಲಿ ನಡೆದು ಹೋಗುತ್ತಿದ್ದವನು ಸಾವನ್ನು ತಾನೇ ಹೋಗಿ ಅಪ್ಪಿಕೊಂಡ ಎಂದಾಯಿತು! ‘ಜವರಾಯನ ಅಟ್ಟಹಾಸ’, ‘ವಿಧಿಯ ಆಟ’ ಎಂಬ ಅಲಂಕಾರಗಳು ಸೇರಿದರೆ ಕರ್ತೃಸ್ಥಾನದಲ್ಲಿ ಯಮನೇ ಕೂರುತ್ತಾನೆ. ಯಮನಿಗೆ ಲೈಸೆನ್ಸ್ ಕೇಳುವವರಾರು?

ಇದರಲ್ಲಿ ವರದಿಗಾರರ ದುರುದ್ದೇಶವೇನೂ ಇಲ್ಲ. ಇಂಥ ಸುದ್ದಿ ಬಹುಮಟ್ಟಿಗೆ ಪೊಲೀಸ್ ಠಾಣೆಯಿಂದ ಬರುತ್ತದೆ. ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಗೊತ್ತಿರುವುದು ಊರು, ಹೆಸರು, ವಯಸ್ಸು ಇಷ್ಟೇ. ಸತ್ತವರು ತಮ್ಮ ಕಡೆಯ ಮಾತು ಹೇಳಲಾರರು. ಬದುಕುಳಿದವರ ಮಾತೇ ಮೊದಲ ಮಾಹಿತಿಯಾಗುತ್ತದೆ. ‘ಪ್ರಕರಣ ದಾಖಲಾಗಿದೆ’ ಎಂಬ ಕೊನೆಯ ವಾಕ್ಯದೊಂದಿಗೆ ಸುದ್ದಿ ಮುಗಿಯುತ್ತದೆ. ಪ್ರಕರಣ ಮುಂದೇನಾಯಿತೆಂಬುದು ಸುದ್ದಿಯಾಗುವುದು ಅಪರೂಪ.

ಅಷ್ಟೇ ಅಲ್ಲ, ‘ಆಕ್ಸಿಡೆಂಟ್’ ಪದಕ್ಕೆ ಒಂದು ನ್ಯಾಯವಾದ ಉಪಯೋಗವೂ ಇದೆ. ಚಾಲಕನೇ ಕೊಲೆಗಾರನೆಂದು ಮೊದಲ ದಿನವೇ ಬರೆಯುವುದು ಇನ್ನೊಂದು ಬಗೆಯ ಅನ್ಯಾಯ. 1860ರ ಭಾರತೀಯ ದಂಡ ಸಂಹಿತೆಯ 80ನೇ ವಿಧಿ, ತಕ್ಕ ಎಚ್ಚರಿಕೆಯಿಂದ ಕಾನೂನುಬದ್ಧವಾದ ಕೆಲಸ ಮಾಡುವಾಗ ಕೆಟ್ಟ ಉದ್ದೇಶವಿಲ್ಲದೆ ಆಕಸ್ಮಿಕವಾಗಿ ನಡೆದದ್ದು ಅಪರಾಧವಲ್ಲ ಎಂದಿತ್ತು. ಹೊಸ ಭಾರತೀಯ ನ್ಯಾಯ ಸಂಹಿತೆಯ 18ನೇ ವಿಧಿಯೂ ಅದನ್ನೇ ಹೇಳುತ್ತದೆ. ಗಮನಿಸಬೇಕಾದದ್ದು ‘ತಕ್ಕ ಎಚ್ಚರಿಕೆ’ ಎಂಬ ಷರತ್ತು. ಕಾನೂನಿನ ಕಣ್ಣಿನಲ್ಲಿ ‘ಆಕಸ್ಮಿಕ’ ಎಂಬುದು ವಿಚಾರಣೆಯ ಕೊನೆಗೆ ಬರಬೇಕಾದ ತೀರ್ಮಾನ. ಸುದ್ದಿಯಲ್ಲಿ ಅದು ಶೀರ್ಷಿಕೆಯಲ್ಲಿಯೇ ಬಂದು ಕುಳಿತಿರುತ್ತದೆ.

ಅಜಾಗರೂಕತೆಯಿಂದ ಸಾವು ಸಂಭವಿಸಿದರೆ ಶಿಕ್ಷೆ ವಿಧಿಸುವ 304 ಎ ವಿಧಿ ಹಳೆಯ ಸಂಹಿತೆಗೆ ಸೇರಿದ್ದು 1870ರಲ್ಲಿ, ಮೋಟಾರು ಕಾರು ಹುಟ್ಟುವ ಮೊದಲೇ. ಅದರ ಗರಿಷ್ಠ ಶಿಕ್ಷೆ ಎರಡು ವರ್ಷ. ಆ ಪುಟ್ಟ ವಿಧಿಯೊಳಗೆ ಎಂಥ ದೊಡ್ಡ ಸಾವುಗಳು ತುರುಕಿಹೋದವು ಎಂಬುದಕ್ಕೆ ಭೋಪಾಲ್ ಸಾಕ್ಷಿ. 1984ರ ಡಿಸೆಂಬರ್‌ನಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲ ಸಾವಿರಾರು ಜನರನ್ನು ಕೊಂದಿತು. 1996ರಲ್ಲಿ ಸುಪ್ರೀಂ ಕೋರ್ಟ್ ಆರೋಪಗಳನ್ನು ಈ ವಿಧಿಯ ಮಟ್ಟಕ್ಕೆ ಇಳಿಸಿತು. 2010ರಲ್ಲಿ ಭಾರತೀಯ ಅಂಗಸಂಸ್ಥೆಯ ಅಧಿಕಾರಿಗಳಿಗೆ ಬಿದ್ದ ಶಿಕ್ಷೆ ಎರಡು ವರ್ಷ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯ 106ನೇ ವಿಧಿ ಅಜಾಗರೂಕತೆಯ ಸಾವಿಗೆ ಗರಿಷ್ಠ ಶಿಕ್ಷೆಯನ್ನು ಐದು ವರ್ಷಕ್ಕೆ ಏರಿಸಿದೆ.

ಆಕಾಶದಲ್ಲಿ ಬೇರೆ ಅರ್ಥ

ಹಾಗಾದರೆ ಪದವನ್ನು ಕಿತ್ತೊಗೆದರೆ ಎಲ್ಲ ಸರಿಹೋಗುತ್ತದೆಯೆ? ವಿಮಾನಯಾನದ ಉದಾಹರಣೆ ಇದಕ್ಕೆ ಉತ್ತರ ಹೇಳುತ್ತದೆ. ಅಂತರರಾಷ್ಟ್ರೀಯ ವಿಮಾನಯಾನ ನಿಯಮಗಳು ‘ಆಕ್ಸಿಡೆಂಟ್’ ಪದವನ್ನು ಇಂದಿಗೂ ಬಳಸುತ್ತವೆ. ಅದಕ್ಕೆ ಖಚಿತವಾದ ವ್ಯಾಖ್ಯೆಯೂ ಇದೆ. ಆದರೆ ಅಲ್ಲಿ ಈ ಪದವನ್ನು ಉಚ್ಚರಿಸಿದ ಕ್ಷಣದಿಂದ ತನಿಖೆ ಆರಂಭವಾಗಬೇಕು. ತನಿಖೆಯ ಗುರಿ ಯಾರನ್ನೋ ದೂರುವುದಲ್ಲ, ಅಂಥದ್ದು ಮತ್ತೆ ಆಗದಂತೆ ತಡೆಯುವುದು ಎಂದೂ ನಿಯಮ ಹೇಳುತ್ತದೆ.

2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಂದಕಕ್ಕೆ ಬಿದ್ದು 158 ಜನ ಸತ್ತರು. ಎಂಟೇ ಮಂದಿ ಉಳಿದರು. ಆ ಸುದ್ದಿ ‘ಪ್ರಕರಣ ದಾಖಲಾಗಿದೆ’ ಎಂಬಲ್ಲಿಗೆ ಮುಗಿಯಲಿಲ್ಲ. ತನಿಖಾ ವರದಿ ಬಂತು. ಇಳಿಯುವ ಕ್ರಮ ಸರಿಯಿಲ್ಲದಿದ್ದರೂ, ಮತ್ತೆ ಮೇಲೇರುವಂತೆ ಸಹಚಾಲಕ ಮೂರು ಬಾರಿ ಎಚ್ಚರಿಸಿದರೂ ಮುಖ್ಯ ಚಾಲಕ ಇಳಿಯುವುದನ್ನು ಕೈಬಿಡಲಿಲ್ಲ ಎಂದು ಅದು ತಿಳಿಸಿತು. ಒಡಿಶಾದ ಬಾಲಸೋರ್ ಬಳಿ 2023ರ ಜೂನ್ 2ರಂದು ಮೂರು ರೈಲುಗಳು ಸಿಕ್ಕಿಬಿದ್ದವು. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲು ಅವುಗಳಲ್ಲೊಂದು. ಅಲ್ಲಿಯೂ ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಸಿಗ್ನಲ್ ಜೋಡಣೆಯ ಕೆಲಸದಲ್ಲಿ ಆಗಿದ್ದ ಲೋಪಗಳನ್ನು ಬೊಟ್ಟು ಮಾಡಿ ತೋರಿಸಿತು.

ರಸ್ತೆಯ ಸಾವಿಗೆ ಮಾತ್ರ ಈ ಭಾಗ್ಯವಿಲ್ಲ. ಒಂದೇ ವಿಮಾನದಲ್ಲಿ 158 ಜನ ಸತ್ತರೆ ದೇಶವೇ ಕಾರಣ ಕೇಳುತ್ತದೆ. ರಸ್ತೆಗಳಲ್ಲಿ ದಿನಕ್ಕೆ ಅದರ ಸುಮಾರು ಮೂರು ಪಟ್ಟು ಜನ ಸಾಯುತ್ತಾರೆ. ಆದರೆ ಒಬ್ಬೊಬ್ಬರಾಗಿ, ಬೇರೆ ಬೇರೆ ಊರುಗಳಲ್ಲಿ, ಒಳಪುಟಗಳ ನಾಲ್ಕೈದು ಸಾಲುಗಳಲ್ಲಿ. ವಿಮಾನದ ವಿಷಯದಲ್ಲಿ ‘ಆಕ್ಸಿಡೆಂಟ್’ ಎಂಬುದು ವಿಚಾರಣೆಯ ಬಾಗಿಲು ತೆರೆಯುತ್ತದೆ. ರಸ್ತೆಯ ವಿಷಯದಲ್ಲಿ ಅದೇ ಪದ ಬಾಗಿಲು ಮುಚ್ಚುತ್ತದೆ.

ಆದ್ದರಿಂದ ಬದಲಾಗಬೇಕಾದದ್ದು ಪದವೊಂದೇ ಅಲ್ಲ. ಕನ್ನಡಕ್ಕೆ ‘ಡಿಕ್ಕಿ’ ಎಂಬ ಒಳ್ಳೆಯ ಪದವಿದೆ. ಅದು ನಡೆದದ್ದನ್ನಷ್ಟೇ ಹೇಳುತ್ತದೆ, ಯಾರನ್ನೂ ಬಿಡುಗಡೆ ಮಾಡುವುದಿಲ್ಲ, ಯಾರಿಗೂ ಶಿಕ್ಷೆ ಕೊಡುವುದಿಲ್ಲ. ಅದರ ಜೊತೆಗೆ ನಾಲ್ಕು ಮಾತು ಸೇರಿದರೆ ಸಾಕು. ವಾಹನವನ್ನು ಯಾರೋ ಓಡಿಸುತ್ತಿದ್ದರು ಎಂಬುದು; ಅಲ್ಲಿ ಬೀದಿದೀಪವಿತ್ತೆ, ರಸ್ತೆ ದಾಟಲು ಜಾಗವಿತ್ತೆ ಎಂಬುದು; ಅದೇ ತಿರುವಿನಲ್ಲಿ ಹಿಂದೆ ಎಷ್ಟು ಜನ ಸತ್ತಿದ್ದರು ಎಂಬುದು; ದಾಖಲಾದ ಪ್ರಕರಣ ಕೊನೆಗೆ ಏನಾಯಿತು ಎಂಬುದು. ‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ಹೆದ್ದಾರಿಯ ಬದಿಯ ಫಲಕಗಳೇ ಬರೆದು ನಿಲ್ಲಿಸಿವೆ. ಕಾರಣವಿದೆ ಎಂದು ಫಲಕಕ್ಕೆ ಗೊತ್ತಿರುವಾಗ ಅದನ್ನು ಕೇಳಲು ಸುದ್ದಿ ಹಿಂಜರಿಯಬೇಕಾಗಿಲ್ಲ.